ಬುಕ್ ಏನೇಳ್ತದೆ

ಯಲಹಂಕದ ಕಡೆಯ ಒಂದು ಕೆರೆಯಲ್ಲಿ ನಾನು ದೋಣಿ ನಡೆಸುತ್ತೇನೆ. ನಮ್ಮ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ರಾಜಾನುಕುಂಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೂ ಯಾವ ಇಂಜಿನ್ ಮುಟ್ಟುವ ಮೊದಲೂ ಕೈ ಒರೆಸಿಕೊಂಡು, "ಬುಕ್ ಏನೇಳ್ತದೆ, ಓದಿ" ಅನ್ನುತ್ತಿದ್ದರು. ಇಂಜಿನ್ ಜೊತೆ ಬಂದ ಕೈಪಿಡಿಯನ್ನು ನಾನು ಓದಿ ಹೇಳುತ್ತಿದ್ದೆ.

ಮುಳುಗುವವರನ್ನು ಕಾಪಾಡುವ ದೋಣಿಗೆ ಹೊಸ ಫೋರ್ ಸ್ಟ್ರೋಕ್ ಮೋಟಾರು ಬಂದ ದಿನ, ಅದಕ್ಕೆ ಚೆಂಡುಹೂವಿನ ಹಾರ ಹಾಕಿ, ಚಾಲನೆ ಕೊಡಲು ಬಂದ ಸಾಹೇಬರನ್ನು ಕುರ್ಚಿಯಲ್ಲಿ ಕೂರಿಸಿದ್ದೆವು. ಆಯಿಲ್ ಹಾಕುವುದೊಂದೇ ಬಾಕಿ ಇತ್ತು. ಮೆಕ್ಯಾನಿಕ್ ಆಯಿಲ್ ಕ್ಯಾನಿನ ಮೇಲಿದ್ದ ಕಾರಿನ ಚಿತ್ರ ನೋಡಿ ಬುಕ್ ಕೇಳಿದರು. ದೋಣಿ ಮೋಟಾರಿನ ಆಯಿಲ್ಲೇ ಹಾಕಬೇಕೆಂದು ಅದರಲ್ಲಿತ್ತು.

"ಎರಡು ಆಯಿಲ್ಲೂ ಅಷ್ಟೇ ದಪ್ಪ ಅಲ್ವಾ ಅಣ್ಣ?" ಅಂದೆ.

"ಕಾರಿನ ಇಂಜಿನ್ ಕಾದು ತೇವ ಆರ್ತದೆ. ಇದು ಕೆರೆ ನೀರಲ್ಲೇ ತಣ್ಣಗಿರ್ತದೆ, ಒಳಗೆ ತುಕ್ಕು ಇಡೀತದೆ. ತುಕ್ಕು ತಡೆಯೋ ಆಯಿಲ್ಲೇ ಬೇಕು."

ಹೆಬ್ಬಾಳದಿಂದ ಸರಿಯಾದ ಆಯಿಲ್ ತರಿಸಲು ಒಂದೂವರೆ ಗಂಟೆ ಹಿಡಿಯಿತು.

"ಯಾರ್ರೀ ನಿಲ್ಲಿಸಿದ್ದು?" ಎಂದು ಸಾಹೇಬರು ಗದರಿದರು.

ಮೆಕ್ಯಾನಿಕ್ ಮುಂದೆ ಬಂದರು. "ನಾನೇ ಸಾರ್. ನೀವು ಕಾಯ್ತೀರ. ಮುಳುಗ್ತಿರೋನು ಕಾಯಲ್ಲ."

ಸಾಹೇಬರು ಇನ್ನೊಂದು ಕಾಫಿ ತರಿಸಿಕೊಂಡರು.

ಆ ಮೋಟಾರು ಇವತ್ತಿಗೂ ಹಗ್ಗ ಒಂದು ಸಲ ಎಳೆದರೆ ಸ್ಟಾರ್ಟ್ ಆಗುತ್ತದೆ. ಅಂದು ಕಾರಿನ ಆಯಿಲ್ ತಂದವನು ನಾನು ಎಂದು ಮೆಕ್ಯಾನಿಕ್ ಯಾರಿಗೂ ಹೇಳಲಿಲ್ಲ. ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.