ಅಟ್ಟಕ್ಕೆ ಹತ್ತದ ಪಾದ

ಕೆಳಗಿನಿಂದ ಬಿದಿರು ಗಳುವಿನಲ್ಲಿ ಅಟ್ಟದ ಹಲಗೆ ಸರಿಸಿದೆನೋ ಇಲ್ಲವೋ, ಒಣಗಿದ ಕೊಬ್ಬರಿಯ ವಾಸನೆಗೆ ಸೀನು ಬಂತು. ತುರುವೇಕೆರೆ ಸೀಮೆಯಲ್ಲಿ ಹುಟ್ಟಿ ಕೊಬ್ಬರಿಗೆ ಸೀನುವವನು ನಾನೊಬ್ಬನೇ ಇರಬೇಕು. ಅಟ್ಟದ ಕೆಲಸ ಅಣ್ಣನದು. ವರ್ಷವಿಡೀ ಅಲ್ಲಿ ಒಣಗುವ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಕೇಳುತ್ತಿದ್ದ. ಅಲ್ಲಿಗೆ ಚಪ್ಪಲಿ ಮೆಟ್ಟಿ ಹತ್ತಿದ್ದಕ್ಕೆ ಒಮ್ಮೆ ನನ್ನ ಬೆನ್ನಿಗೆ ಸರಿಯಾಗಿ ಬಿಟ್ಟಿದ್ದ. "ಲಕ್ಷ್ಮಿ ಕಣ್ಲಾ ಅದು."

ಸಕ್ಕರೆ ಕಾಯಿಲೆಯ ಹುಣ್ಣಿಗೆ ಅವನ ಎಡಗಾಲು ಮೊಣಕಾಲ ಕೆಳಗೆ ಹೋಯಿತು. ಊರಾಚೆಯ ಪಟ್ಟಣದಲ್ಲಿ ಕೃತಕ ಕಾಲು ಹಾಕಿಸಿದೆವು. ಜೋಡಿಸಿದ ಹುಡುಗಿ ಬಿಡಿಸಿ ಹೇಳಿದ್ದಳು: "ಈ ಪಾದಾನ ಶೂ ಹಿಮ್ಮಡಿ ಎತ್ತರಕ್ಕೆ ಕೂರಿಸಿದೀವಿ ಕಣ್ರೀ. ಶೂ ತೆಗೆದು ನಡೀಬೇಡಿ, ಹಿಂದಕ್ಕೆ ವಾಲ್ತೀರಿ." ಅಲ್ಲಿನ ನುಣುಪು ನೆಲದ ಮೇಲೆ ಅವನು ಎಷ್ಟು ಚೆನ್ನಾಗಿ ನಡೆದನೆಂದರೆ ಅತ್ತಿಗೆ ಅತ್ತೇಬಿಟ್ಟರು. ನಾನಂತೂ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ನಾನೇ ಮಾಡಿಸಿದ ಕಾಲೆಂಬಂತೆ ಬೀಗಿದೆ.

ಹೊಸ್ತಿಲಿಗೆ ಬಂದವನೇ ಅಣ್ಣ ಶೂ ಕಳಚಿಟ್ಟ. ಆ ಪಾದ ಅವನನ್ನು ಹಿಂದಕ್ಕೆ ಎಳೆಯತೊಡಗಿತು; ಸಮನೆಲದಲ್ಲೂ ದಿಬ್ಬ ಹತ್ತುವವನಂತೆ ನಡೆದ. ಅಟ್ಟಕ್ಕೆಂದೇ ಒಂದು ಜೊತೆ ಹೊಸ ಶೂ ತರೋಣವೆಂದು ಬೇಡಿಕೊಂಡೆ.

"ಹೊಸದಾದ್ರೂ ಮೆಟ್ಟೇ ಅಲ್ವೇನ್ಲಾ? ಕೊಬ್ಬರಿ ತುಳ್ಯಾಕಾಯ್ತದಾ?"

ಅಟ್ಟದಿಂದ ಕಾಯಿ ಇಳಿಸುವ ಕಾಲ ಬಂದಾಗ ಬರಿಗಾಲಲ್ಲೇ ಏಣಿ ಹತ್ತಿದ. ಆ ಪಾದಕ್ಕೆ ಬಾಗುವ ಕಣಕಾಲ ಗಂಟು ಇರಲಿಲ್ಲ. ಹಿಂದಕ್ಕೆ ವಾಲಿ ಬಿದ್ದವನ ಸೊಂಟ ಮುರಿಯಿತು. ಆಮೇಲೆ ಅವನು ನಡೆಯಲಿಲ್ಲ.

ಸುದ್ದಿ ಕೇಳಿ ಆ ಹುಡುಗಿ ನೊಂದುಕೊಂಡಳು. "ಬರಿಗಾಲಲ್ಲಿ ಓಡಾಡೋರಿಗೆ ಅಂತಾನೇ ಬೇರೆ ಪಾದ ಬರುತ್ತೆ. ನೀವು ಮೊದಲೇ ಹೇಳ್ಬಾರ್ದಿತ್ತಾ?" ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ ಎಂಬುದು ಯಾರಾದರೂ ಹೇಳಿಕೊಳ್ಳುವ ವಿಷಯವೇ, ನೀವೇ ಹೇಳಿ. ಅವಳು ಕೇಳಲಿಲ್ಲ, ನಮಗೆ ಹೊಳೆಯಲಿಲ್ಲ. ಅಷ್ಟಕ್ಕೆ ಒಬ್ಬ ಮನುಷ್ಯ ಮಂಚ ಹಿಡಿದ.

ಇವತ್ತು ಚಪ್ಪಲಿ ಹೊರಗೇ ಬಿಟ್ಟು ಬಂದು, ಅಟ್ಟದ ಹಲಗೆ ಸರಿಸಿ, ಏಣಿಗೆ ಕೈಯಿಟ್ಟೆ. ಅಣ್ಣ ಮಂಚದಿಂದ ನೋಡುತ್ತಿದ್ದ.

"ಮೆಟ್ಟು ಹಾಕ್ಕೊಂಡೇ ಹತ್ಲಾ, ಜಾರೀಯ."

"ಮ್ಯಾಲೆ ಕೊಬ್ಬರಿ ಐತಲ್ಲಣ್ಣ."

"ಇದ್ರೆ ಇರ್ಲಿ ಬುಡು."

ಗೋಡೆಯ ಕಡೆ ಹೊರಳಿಕೊಂಡ. ಈ ಮಾತು ಅವನ ಬಾಯಿಂದ ಬರಲಿ ಎಂದು ಅಂದು ಎಷ್ಟು ಬೇಡಿದ್ದೆ. ಇಂದು ಬಂತು. ಏಣಿ ಹತ್ತಲು ನನಗೆ ಕಾಲೇಳಲಿಲ್ಲ.