ಚಪ್ಪರದಲ್ಲಿ ಉಳಿದ ಬಸ್ಸು

ಆಗೆಲ್ಲ ನಂಜನಗೂಡಿನ ಕಡೆಯ ನಮ್ಮೂರಲ್ಲಿ ಚಪ್ಪರ ನೋಡಲು ಮದುವೆಯೇ ಆಗಬೇಕಿರಲಿಲ್ಲ. ಶಾಲೆಯ ನಲಿಕಲಿ ಕೋಣೆಯಲ್ಲೂ ಒಂದು ಚಪ್ಪರವಿತ್ತು. ಗೋಡೆಯಿಂದ ಗೋಡೆಗೆ ದಾರ ಎಳೆದು, ನಾವು ಬರೆದ ಚಿತ್ರಗಳನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮಿಸ್ಸು ನಮ್ಮ ತಲೆಯ ಮೇಲೆ ತೂಗುಹಾಕುತ್ತಿದ್ದರು. ಮೇಣದ ಬಣ್ಣದ ವಾಸನೆಯ ಜೊತೆಗೆ ಬಿಸಿಯೂಟದ ಸಾರಿನ ವಾಸನೆಯೂ ಸೇರಿಕೊಂಡು ಆ ಕೋಣೆಗೇ ಒಂದು ಘಮವಿತ್ತು.

ಚಿತ್ರ ಇಳಿಸುವ ಹಕ್ಕು ಮಾತ್ರ ನಮಗಿರಲಿಲ್ಲ. ಪೋಷಕರ ಸಭೆಯ ಶನಿವಾರ ಮನೆಯವರೇ ಬಂದು, ಕತ್ತೆತ್ತಿ ಹುಡುಕಿ, ತಮ್ಮ ಮಗುವಿನದನ್ನು ಬಿಡಿಸಿಕೊಂಡು ಹೋಗಬೇಕು.

ನಮ್ಮ ಮನೆಯಲ್ಲಿ ಇದ್ದವರು ನಾನು ಮತ್ತು ಅವ್ವ, ಇಬ್ಬರೇ. ಅವ್ವ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನಾನು ಏಳುವಷ್ಟರಲ್ಲಿ ಅವಳ ಬಸ್ಸು ಹೋಗಿರುತ್ತಿತ್ತು, ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಶಾಲೆ ಬಿಟ್ಟ ಮೇಲೆ ಅಂಗಳದಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಒಬ್ಬಳೇ ಆಡಿದರೆ ಸೋಲಂತೂ ಇಲ್ಲ, ಗೆದ್ದೆ ಅಂತ ಹೇಳಿಕೊಳ್ಳಲೂ ಯಾರೂ ಇಲ್ಲ.

ಆ ಸಲ ನಾನು ಬಸ್ಸು ಬರೆದಿದ್ದೆ. ಕಿಟಕಿಯಲ್ಲಿ ಅವ್ವ, ಪಕ್ಕದ ಸೀಟಿನಲ್ಲಿ ನಾನು. ಅವಳೇ ನೋಡಿ ಕಂಡುಹಿಡಿಯಲಿ ಎಂದು ಬಾಯಿ ಬಿಟ್ಟಿರಲಿಲ್ಲ.

ಶನಿವಾರ ಅವಳಿಗೆ ರಜೆ ಸಿಗಲಿಲ್ಲ. ಎಲ್ಲರ ಅವ್ವಂದಿರೂ ಬಂದರು. ಕಣ್ಣು ಮಂಜಾದ ಅಜ್ಜಿಯೊಬ್ಬಳು ಯಾರದೋ ನವಿಲನ್ನು ತನ್ನ ಮೊಮ್ಮಗನದೆಂದು ಬಿಡಿಸಿಕೊಂಡು ಎಲ್ಲರನ್ನೂ ನಗಿಸಿದಳು. ಕೊನೆಗೆ ಅಷ್ಟುದ್ದ ದಾರದಲ್ಲಿ ನನ್ನ ಬಸ್ಸೊಂದೇ ಉಳಿಯಿತು. ನೀನೇ ತೊಗೊಂಡು ಹೋಗು ಎಂದರು ಮಿಸ್ಸು, ಪಾಪ. ನಾನು ಒಪ್ಪಲಿಲ್ಲ. ಅವ್ವನೇ ಇಳಿಸಬೇಕು ಎಂದು ಹಟ.

ಮಾರನೇ ದಿನ ಭಾನುವಾರ ಅವ್ವನನ್ನು ಎಳೆದುಕೊಂಡೇ ಹೋದೆ. ಶಾಲೆಗೆ ಬೀಗ! ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕೋಣೆಯ ಹಿಂದಿನ ಕಿಟಕಿಗೆ ಬಾಗಿಲಿರಲಿಲ್ಲ, ಬರೀ ಸರಳು. ಅದಕ್ಕೆ ಮುಖ ಒತ್ತಿ ಇಣುಕಿದೆವು. ಹಾಳೆಯೇನೋ ಇತ್ತು, ಆದರೆ ಅದರ ಮುಖ ಆಚೆ ಬಾಗಿಲ ಕಡೆಗೆ. ನಮಗೆ ಕಂಡದ್ದು ಬಿಳಿ ಬೆನ್ನು.

“ಗಾಳಿ ಬೀಸ್ಲಿ ತಡಿ, ತಿರುಗ್ತದೆ,” ಅಂದಳು ಅವ್ವ.

ಕಾದೆವು. ಹೊರಗಿನ ಬೇವಿನ ಎಲೆ ಕೂಡ ಅಲುಗಲಿಲ್ಲ. ಅವ್ವ ಸರಳುಗಳ ನಡುವೆ ಬಾಯಿಟ್ಟು ಉಫ್ ಉಫ್ ಎಂದು ಊದಿದಳು. ಅವಳ ಜಡೆಯಲ್ಲಿ ಫ್ಯಾಕ್ಟರಿಯ ದಾರದ ಚೂರು ಸಿಕ್ಕಿಕೊಂಡಿತ್ತು.

“ಚೆಂದಾಗದೆ ಕಣವ್ವ,” ಅಂದಳು ಕೊನೆಗೆ, ಆ ಬಿಳಿ ಬೆನ್ನನ್ನೇ ನೋಡುತ್ತಾ. “ಏನ್ ಬರ್ದಿದ್ದೀಯ?”

“ಬಸ್ಸು,” ಅಂದೆ. ಮುಂದೆ ಹೇಳಲಾಗದಷ್ಟು ಅಳು ಬಂದಿತ್ತು.

ಆಮೇಲಿನ ಸಭೆಗಳಿಗೂ ಅವಳಿಗೆ ರಜೆ ಸಿಗಲಿಲ್ಲ. ಬೇಸಿಗೆ ರಜೆ ಕಳೆದು ಶಾಲೆಗೆ ಹೋದಾಗ ಕೋಣೆಗೆ ಸುಣ್ಣ ಬಳಿದಿದ್ದರು, ದಾರವೂ ಹೊಸದು. ನನ್ನ ಬಸ್ಸು ಎಲ್ಲಿ ಹೋಯಿತೋ.

ಈಗ ತಿ. ನರಸೀಪುರದ ಕಡೆ ಒಂದು ಶಾಲೆಯಲ್ಲಿ ನಾನೇ ಮಿಸ್ಸು. ಚಿತ್ರ ತೂಗುಹಾಕಿದ ಕೂಡಲೇ ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಅವರು ಕೆಲಸದ ಜಾಗದಿಂದಲೇ ನೋಡಿ ಹೆಬ್ಬೆಟ್ಟು ಒತ್ತುತ್ತಾರೆ. ಒಳ್ಳೆಯದೇ ಬಿಡಿ. ಆದರೆ ಕತ್ತೆತ್ತಿ ಹುಡುಕಲು ಈಗ ಯಾರೂ ಬರುವುದಿಲ್ಲ. ನಾನು ಮಾತ್ರ ಹಾಳೆಗಳ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿ ಸಿಕ್ಕಿಸುತ್ತೇನೆ. ಯಾಕೆ ಮಿಸ್ ಎಂದು ಮಕ್ಕಳು ಕೇಳಿದರೆ, ಹೊರಗೆ ನಿಂತವರಿಗೆ ಕಾಣಲಿ ಎನ್ನುತ್ತೇನೆ.

ಹೇಳೋಣ, ಹೇಳೋಣ ಎಂದುಕೊಂಡೇ ದಿನ ಕಳೆದವು. ಹೋದ ವರ್ಷ ಅವ್ವ ತೀರಿಕೊಂಡಳು. ಆ ಬಸ್ಸಿನಲ್ಲಿ ತಾನೂ ಇದ್ದೆನೆಂದು ಅವಳಿಗೆ ಗೊತ್ತಾಗಲೇ ಇಲ್ಲ.