ಹಿಂದೆ ಕೂತವಳ ತಲೆ

ಸ್ಕೂಟರಿನ ಹಿಂದೆ ಕೂರುವವರೂ ಹೆಲ್ಮೆಟ್ ಹಾಕಬೇಕು ಎಂದು ಸರ್ಕಾರ ಕಟ್ಟುನಿಟ್ಟು ಮಾಡಿದಾಗ ನನಗೆ ಅರವತ್ತು ದಾಟಿತ್ತು. ಬಾಗಲಗುಂಟೆಯಲ್ಲಿ ನಮ್ಮ ಮನೆ ಹತ್ತಿರದ ತಿರುವಿನಲ್ಲಿ ಗೋಣಿ ಹಾಸಿ ಸೊಪ್ಪು ಮಾರುತ್ತಿದ್ದೆ. ಮಗಳಿಗೆ ಯಶವಂತಪುರದ ಕಡೆ ಗಾರ್ಮೆಂಟ್ಸಿನಲ್ಲಿ ಕೆಲಸ. ಬೆಳಿಗ್ಗೆ ಹೋಗುವಾಗ ನನ್ನನ್ನು ಸ್ಕೂಟರಿನಲ್ಲಿ ಮಾರುಕಟ್ಟೆಗೆ ಬಿಡುತ್ತಿದ್ದಳು. ನಾನು ಸೊಪ್ಪಿನ ಗಂಟು ಹೊತ್ತು ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆ. ನಲವತ್ತು ವರ್ಷ ಹೊರೆ ಹೊತ್ತ ತಲೆ ಇದು. ಇದಕ್ಕೊಂದು ಮುಚ್ಚಳ ಬೇಕು ಎಂದು ಯಾರೋ ಆಫೀಸಿನಲ್ಲಿ ಕೂತು ತೀರ್ಮಾನಿಸಿದ್ದರು.

ನನ್ನ ಗೋಣಿಯ ಮುಂದೆ ಆಗ ಅದೇ ಮಾತು. ದಂಟಿನ ಸೊಪ್ಪು ಕೊಳ್ಳಲು ಬರುತ್ತಿದ್ದ ರಿಟೈರಾದ ಮೇಷ್ಟ್ರು ಸರ್ಕಾರದ ಪರ.

"ನಮ್ ಜನಕ್ಕೆ ಬಾಯಲ್ಲಿ ಹೇಳಿದ್ರೆ ಕೇಳಲ್ಲ ಕಣಮ್ಮ. ಬೆತ್ತ ಇರ್ಬೇಕು. ಸರ್ಕಾರಕ್ಕೆ ಇನ್ನೂ ಪವರ್ ಕೊಡ್ಬೇಕು."

ಪುದೀನ ಆರಿಸುತ್ತಿದ್ದ ಬಿರಿಯಾನಿ ಹೋಟೆಲಿನಾಕೆ ಒಪ್ಪಲಿಲ್ಲ. "ಇವತ್ತು ತಲೆಗೆ ಬಂದ್ರು. ನಾಳೆ ಮನೆ ಒಳಗೆ ಬಂದು ಪಾತ್ರೆ ಮುಚ್ಚಳ ತೆಗೆದು ನೋಡ್ತಾರೆ. ಆಗ ಏನ್ಮಾಡ್ತೀರಿ ಮೇಷ್ಟ್ರೇ?"

"ಆಗ ನಿಮ್ ಹೋಟ್ಲಿಗೇ ಊಟಕ್ಕೆ ಬರ್ತೀನಿ ಬಿಡಮ್ಮ."

"ಬನ್ನಿ, ಹೆಲ್ಮೆಟ್ ಹಾಕ್ಕೊಂಡು ಬನ್ನಿ. ನಮ್ಮತ್ತೆ ಸೌಟು ಹಿಡ್ಕೊಂಡಿರ್ತಾರೆ."

ಮೇಷ್ಟ್ರು ಮಾತಾಡುವಾಗ ಅವರದೇ ಸರಿ ಅನಿಸುತ್ತಿತ್ತು. ಆಕೆ ಬಾಯಿ ತೆಗೆದರೆ ಆಕೆಯದು ಸರಿ. ನಾನು ಕಂತೆ ಕಟ್ಟುತ್ತ ಇಬ್ಬರಿಗೂ ಹೂಂ ಅಂದೆ.

ಮನೆಯಲ್ಲಿ ಹಾಗೆ ಹೂಂ ಅಂದು ತಪ್ಪಿಸಿಕೊಳ್ಳಲು ಆಗಲಿಲ್ಲ. ಮಗಳು ಹೆಲ್ಮೆಟ್ ತಂದೇಬಿಟ್ಟಳು. ನನ್ನ ತುರುಬಿಗೆ ಅದು ಕೂರಲಿಲ್ಲ. ಮಡಕೆ ಕವುಚಿಟ್ಟ ಹಾಗೆ ಮೇಲೆಯೇ ನಿಂತಿತು.

"ತುರುಬು ಬಿಚ್ಚಿ ಜಡೆ ಹಾಕ್ಕೊ," ಅಂದಳು.

"ಈ ವಯಸ್ಸಲ್ಲಿ ಜಡೆ ಬಿಟ್ಕೊಂಡು ಇಸ್ಕೂಲಿಗೋಗ್ಲಾ?"

ಅವಳು ನಗಲಿಲ್ಲ. ಅವಳ ಭಯ ನನಗೆ ಗೊತ್ತಿತ್ತು. ಅಳಿಯ ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಬೈಕು ಜಾರಿ ಬಿದ್ದು ಸತ್ತು ಆರು ವರ್ಷವಾಗಿತ್ತು. ಪೆಟ್ಟು ಬಿದ್ದದ್ದು ತಲೆಗೆ. ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಆದರೂ ನಾನು ಜಗ್ಗಲಿಲ್ಲ. ಅವನು ಗಾಡಿ ಓಡಿಸುತ್ತಿದ್ದವನು, ನಾನು ಸುಮ್ಮನೆ ಹಿಂದೆ ಕೂರುವವಳು. ಹೆಲ್ಮೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಬರುವಾಗ ಅದರ ತುಂಬ ನಿಂಬೆಹಣ್ಣು ಹಾಕಿಕೊಂಡು ಬಂದೆ. ಒಂದು ವಾರ ಹೀಗೆ ನಡೆಯಿತು.

ಎಂಟನೇ ದಿನ ಯಶವಂತಪುರದ ಹತ್ತಿರ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ. ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ, "ತೊಡೆಗಲ್ಲ ಅಜ್ಜಿ, ತಲೆಗೆ," ಅಂದ.

"ತಲೆ ನಂದು ಕಣಪ್ಪ. ಇಷ್ಟು ವರ್ಷ ಇಂಗೇ ಹೊರೆ ಹೊತ್ನಲ್ಲ, ಯಾವ ಸರ್ಕಾರ ಬಂದು ಸಿಂಬಿ ಕೊಡ್ತು?"

"ತಲೆ ನಿಮ್ದೇ. ಒಡೆದ್ರೆ ರಸ್ತೆ ತೊಳೆಸೋನು ನಾನು."

ನಾನು ಗೊಣಗುತ್ತಲೇ ಇದ್ದೆ. ಅವನು ನನ್ನ ನರೆಗೂದಲು ನೋಡಿದ, ಸವೆದ ಹವಾಯಿ ಚಪ್ಪಲಿ ನೋಡಿದ. "ಹೋಗಮ್ಮ, ವಯಸ್ಸಾದೋರು. ಇದೊಂದ್ ಸಲ ಬಿಟ್ಟಿದೀನಿ," ಎಂದು ಮಗಳಿಗೆ ದಾರಿ ಬಿಟ್ಟ. ಒಳ್ಳೆಯವನು ಅನಿಸಿತು. ನೂರು ವರ್ಷ ಬಾಳಪ್ಪ ಎಂದು ಹೇಳುವವಳಿದ್ದೆ.

ಮಗಳು ಸ್ಕೂಟರ್ ಆಫ್ ಮಾಡಿದಳು. "ಬಿಡ್ಬೇಡಿ ಸಾರ್. ಫೈನ್ ಹಾಕಿ."

"ಯಾಕಮ್ಮ? ಹೋಗಿ ಅಂದ್ನಲ್ಲ," ಅಂದ ಅವನು.

"ನಮ್ಮನೆಯವ್ರನ್ನೂ ಪೊಲೀಸ್ನೋರು ಇದೊಂದ್ ಸಲ ಅಂತ ಬಿಟ್ಟಿದ್ರು. ಫೋನ್ ಮಾಡಿ ನಗ್ತಾ ಹೇಳಿದ್ರು. ಅವತ್ತೇ ಸಾಯಂಕಾಲ ಹೋಗ್ಬಿಟ್ರು."

ಆರು ವರ್ಷದಲ್ಲಿ ಅವಳು ಈ ಮಾತನ್ನು ನನಗೆ ಹೇಳಿರಲಿಲ್ಲ. ಪೊಲೀಸಿನವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಅವನು ರಸೀದಿ ಕೊಟ್ಟ. ಅವಳು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಅವತ್ತು ಸೊಪ್ಪಿನ ಮುಂದೆ ಕೂತು ಯೋಚಿಸಿದಷ್ಟೂ ಗೋಜಲಾಯಿತು. ನನ್ನನ್ನು ಬಿಡಲು ಹೊರಟವನು ಒಳ್ಳೆಯವನೇ. ಅಳಿಯನನ್ನು ಬಿಟ್ಟವನೂ ಹೀಗೇ ಒಳ್ಳೆಯವನಿದ್ದಿರಬೇಕು. ಅವನು ಕೆಟ್ಟವನಾಗಿದ್ದರೆ ನನ್ನ ಮಗಳಿಗೆ ಗಂಡ ಇರುತ್ತಿದ್ದ. ಹಾಗಾದರೆ ನನಗೆ ಬೇಕಾದದ್ದು ಕೆಟ್ಟ ಸರ್ಕಾರವೇ? ಹೋಟೆಲಿನಾಕೆ ಹೇಳಿದ ಪಾತ್ರೆ ಮುಚ್ಚಳದ ಮಾತೂ ಸುಳ್ಳಲ್ಲ. ತಲೆಯವರೆಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸುವವರು ಯಾರು ಎಂದು ಮೇಷ್ಟ್ರನ್ನು ಕೇಳಿದೆ.

"ಅದಕ್ಕೇ ಕಾನೂನು ಇರೋದು," ಅಂದರು.

"ಕಾನೂನು ಮಾಡೋರೂ ಅವ್ರೇ ಅಲ್ವಾ?"

ಮೇಷ್ಟ್ರು ಸೊಪ್ಪು ಎತ್ತಿಕೊಂಡು ಹೋದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಪ್ರಶ್ನೆ ಎಂದು ಉತ್ತರಿಸಲಿಲ್ಲವೋ, ಉತ್ತರವೇ ಇರಲಿಲ್ಲವೋ, ನನಗೆ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ತುರುಬು ಬಿಚ್ಚಿ ಜಡೆ ಹೆಣೆದುಕೊಂಡೆ. ಮಗಳು ನನ್ನ ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಿ ಎರಡು ಸಲ ಎಳೆದು ನೋಡಿದಳು. ಒಳಗೆ ಕಿವಿ ಮುಚ್ಚಿ, ಬೆವರು ಕಿತ್ತುಕೊಂಡು ಬಂತು.

ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ ನಮ್ಮ ಪಕ್ಕಕ್ಕೆ ಇನ್ನೊಂದು ಸ್ಕೂಟರ್ ಬಂತು. ಯಾವನೋ ಓಡಿಸುತ್ತಿದ್ದ. ಹಿಂದೆ ನನ್ನ ವಯಸ್ಸಿನ ಹೆಂಗಸು, ಬರಿತಲೆ, ತುರುಬಿಗೆ ಮಲ್ಲಿಗೆ ಸುತ್ತಿಕೊಂಡು ಗಾಳಿಗೆ ಮುಖವೊಡ್ಡಿ ಹಾಯಾಗಿ ಕೂತಿದ್ದಳು. ನನಗೆ ಹೊಟ್ಟೆ ಉರಿಯಿತು. ಇವಳನ್ನು ಹಿಡಿಯಲಿ ಅಂದುಕೊಂಡೆ. ಮುಂದೆ ನಿಂತಿದ್ದ ಪೊಲೀಸಿನವನು ಅವರನ್ನು ನಿಲ್ಲಿಸಲು ಕೈ ಎತ್ತಿದ. ಅವನು ಕೈ ಎತ್ತಿದ್ದೇ ತಡ, "ಗಲ್ಲಿಗೆ ನುಗ್ಗಿಸಪ್ಪ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಸ್ಕೂಟರಿನವನಿಗೆ ಅದು ಕೇಳಿಸಿರಲಾರದು. ಆದರೂ ನುಗ್ಗಿಸಿದ.

"ಏನವ್ವ ಅಂದೆ?" ಮಗಳು ಕೇಳಿದಳು.

"ಏನಿಲ್ಲ. ನೀನು ನೆಟ್ಟಗೆ ನೋಡ್ಕೊಂಡು ಓಡ್ಸು."

ಆ ಹೆಂಗಸು ಸುಖವಾಗಿ ಮನೆ ಸೇರಿದಳೋ ಇಲ್ಲವೋ, ಅವತ್ತೆಲ್ಲ ಅದೇ ಯೋಚನೆ.